ಟಂಕಸಾಲೆಯ ತಪ್ಪೋ, ಕಾಲದ ಸವೆತವೋ?

ಹಳೆಯ ನಾಣ್ಯದ ಮೇಲೆ ವಿಚಿತ್ರವಾದ ಗೆರೆಯೊಂದು ಕಂಡರೆ ಮೊದಲು ನೋಡಬೇಕಾದದ್ದು ಅದು ಉಬ್ಬಿದೆಯೋ, ತಗ್ಗಿದೆಯೋ ಎಂಬುದನ್ನು. ಒಂದು ಭೂತಗನ್ನಡಿ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು, ಇಷ್ಟಿದ್ದರೆ ಸಾಕು. ಉಕ್ಕಿನ ಅಚ್ಚಿನಲ್ಲಿ ಚಿತ್ರ ತಗ್ಗಾಗಿ, ಎಡಬಲ ತಿರುಗಿ ಇರುತ್ತದೆ. ಸಾವಿರಾರು ಏಟು ತಿಂದ ಅಚ್ಚು ಬಿರುಕು ಬಿಟ್ಟಾಗ ಬಿಲ್ಲೆಯ, ಅಂದರೆ ಇನ್ನೂ ಚಿತ್ರ ಒತ್ತದ ಲೋಹದ ತುಂಡಿನ, ಲೋಹ ಆ ಬಿರುಕಿನೊಳಕ್ಕೂ ನುಗ್ಗುತ್ತದೆ. ಆದ್ದರಿಂದಲೇ ಅಚ್ಚಿನ ಬಿರುಕು ನಾಣ್ಯದಲ್ಲಿ ಉಬ್ಬುಗೆರೆಯಾಗಿ ಮೂಡುತ್ತದೆ. ಬಳಕೆಯಲ್ಲಿ ಆದ ಗೀರು ಹಾಗಲ್ಲ. ಅದು ತಗ್ಗಾಗಿದ್ದು, ಎರಡೂ ಬದಿಗೆ ಲೋಹ ಒತ್ತರಿಸಿಕೊಂಡಿರುತ್ತದೆ.

ಅಚ್ಚಿನ ಒತ್ತಡದಲ್ಲಿ ಲೋಹ ಹರಿಯುತ್ತದೆ. ಆಮೇಲೆ ಕೈಯಿಂದ ಕೈಗೆ ಹೋಗುವಾಗ ಅದು ತೇಯುತ್ತದೆ, ಜಜ್ಜಿಹೋಗುತ್ತದೆ. ಈ ಎರಡು ಬಗೆಯ ಗುರುತುಗಳನ್ನು ಬೇರ್ಪಡಿಸುವುದರಲ್ಲೇ ಪರೀಕ್ಷೆಯ ಜೀವಾಳವಿದೆ.

ಅಂಚು ಕಚ್ಚಿದಂತಿರುವ ನಾಣ್ಯವನ್ನೇ ನೋಡಿ. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಹಿಂದೆ ಕತ್ತರಿಸಿದ ತೂತಿನ ಮೇಲೆಯೇ ಕತ್ತರಿ ಬಿದ್ದರೆ ಹೀಗಾಗುತ್ತದೆ. ಅದು ನಿಜವಾದ ತಪ್ಪಾಗಿದ್ದರೆ, ಕೊರತೆಯ ನೇರ ಎದುರಿನ ಅಂಚು ಹೆಚ್ಚಾಗಿ ಮಸುಕಾಗಿರುತ್ತದೆ. ಬಿಲ್ಲೆಯ ಅಂಚನ್ನು ಒತ್ತಿ ಏರಿಸುವ ಯಂತ್ರಕ್ಕೆ ಆ ಜಾಗದಲ್ಲಿ ಎದುರೊತ್ತು ಸಿಕ್ಕಿರುವುದಿಲ್ಲ. ಅರದಿಂದ ಉಜ್ಜಿ ಅಂಚು ತೆಗೆದವನಿಗೆ ಈ ಎದುರು ಬದಿಯ ನೆನಪೇ ಇರುವುದಿಲ್ಲ.

ಮಸುಕಾದ ಚಿತ್ರ ಇದಕ್ಕಿಂತ ಕಷ್ಟದ ಪ್ರಶ್ನೆ. ಸವೆತ ಎತ್ತರದ ಭಾಗಗಳಿಂದ ಶುರುವಾಗುತ್ತದೆ: ರಾಣಿ ವಿಕ್ಟೋರಿಯಾ ರೂಪಾಯಿಯಲ್ಲಿ ಕೂದಲ ಎಳೆಗಳು, ಕೆನ್ನೆ. ಸವೆದ ಜಾಗ ನುಣುಪಾಗಿ, ಹೊಳಪಿಲ್ಲದೆ ಇರುತ್ತದೆ; 11.66 ಗ್ರಾಂ ಇರಬೇಕಾದ ತೂಕವೂ ಇಳಿದಿರುತ್ತದೆ. ಏಟು ಬಲವಾಗಿ ಬೀಳದೆ ಚಿತ್ರ ಮೂಡದಿದ್ದರೆ, ಬಿಲ್ಲೆಯ ಮೂಲ ಒರಟುತನ ಅಲ್ಲೇ ಉಳಿದಿರುತ್ತದೆ, ತೂಕ ಸರಿಯಾಗಿಯೇ ಇರುತ್ತದೆ. ಹುಣಸೆಹಣ್ಣು ಹಾಕಿ ನಾಣ್ಯ ತಿಕ್ಕಬೇಡಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುವುದು ಇದಕ್ಕೇ. ತಿಕ್ಕಿದರೆ ಈ ಸಾಕ್ಷ್ಯ ಶಾಶ್ವತವಾಗಿ ಹೋಗುತ್ತದೆ.

ಜೋಡಿ ಅಕ್ಷರಗಳ ವಿಷಯದಲ್ಲಿ ಅಮೆರಿಕದ 1955ರ ಲಿಂಕನ್ ಸೆಂಟ್ ಒಳ್ಳೆಯ ಪಾಠ. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಅಚ್ಚಿನ ಮೇಲೆ ಚಿತ್ರವನ್ನು ಒಂದಕ್ಕಿಂತ ಹೆಚ್ಚು ಬಾರಿ ಒತ್ತಿ ಅಚ್ಚು ತಯಾರಿಸುವಾಗ ಎರಡನೆಯ ಒತ್ತು ಒಂದಿಷ್ಟು ತಿರುಗಿ ಬಿದ್ದಿತ್ತು. ಹೀಗಾಗಿ ಇಸವಿಯೂ ಬರಹವೂ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ, ಎರಡೂ ದುಂಡಗೆ, ತುಂಬಿಕೊಂಡು. ಅದೇ ವರ್ಷದ ಬೇರೆ ಕೆಲವು ಸೆಂಟ್‌ಗಳಲ್ಲಿ ಕೊನೆಯ 5 ಮಾತ್ರ ಜೋಡಿಯಾದಂತೆ ಕಾಣುತ್ತದೆ. ಅದಕ್ಕೆ ಕಾರಣ ಅಚ್ಚು ಸವೆದದ್ದು. ಅಲ್ಲಿ ಸವೆದದ್ದು ನಾಣ್ಯವಲ್ಲ ಎಂಬುದು ನಿಜ, ಆದರೆ ಮೊದಲಿನದರ ಬೆಲೆ ಇದಕ್ಕಿಲ್ಲ. ಏಟಿನ ಹೊತ್ತಿಗೆ ಅಚ್ಚು ಅಲುಗಿದಾಗಲೂ ಅಕ್ಷರ ಜೋಡಿಯಾದಂತೆ ಕಾಣುವುದುಂಟು. ಆಗ ಎರಡನೆಯ ಅಕ್ಷರ ಮೆಟ್ಟಿಲಿನಂತೆ ಚಪ್ಪಟೆಯಾಗಿರುತ್ತದೆ.

ಕೈಯಿಂದ ಅಚ್ಚೊತ್ತಿದ ನಾಣ್ಯಗಳಿಗೆ ಈ ಲೆಕ್ಕ ಬೇರೆ. ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ಕಾಸಿನಲ್ಲಿ ಚಿತ್ರ ಒಂದು ಬದಿಗೆ ಸರಿದಿದ್ದರೆ ಅದು ಆ ಕಾಲದ ಸಾಮಾನ್ಯ ಕೆಲಸ. ಅದನ್ನು ‘ಅಪರೂಪದ ತಪ್ಪು’ ಎಂದು ಮಾರುವುದು ಅನ್ಯಾಯ. ಸುತ್ತಿಗೆಯ ಕಾಲದ ನಿಜವಾದ ತಪ್ಪು ಎಂದರೆ, ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ತಾನೇ ಅಚ್ಚಿನ ಕೆಲಸ ಮಾಡುವುದು. ಆಗ ಹೊಸ ಬಿಲ್ಲೆಯ ಒಂದು ಮುಖದಲ್ಲಿ ಸರಿಯಾದ ಚಿತ್ರ, ಇನ್ನೊಂದರಲ್ಲಿ ಅದೇ ಚಿತ್ರ ತಗ್ಗಾಗಿ, ತಿರುಗಿ ಮೂಡುತ್ತದೆ. ಡಿನಾರಿಯಸ್ ಎಂಬ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಇಂಥವು ಸಿಕ್ಕಿವೆ. ಎರಡು ನಾಣ್ಯಗಳನ್ನು ಇಕ್ಕಳದಲ್ಲಿ ಹಿಸುಕಿಯೂ ಇಂಥದ್ದನ್ನು ಸೃಷ್ಟಿಸುತ್ತಾರೆ. ಆದರೆ ಹಾಗೆ ಮಾಡಿದಾಗ ತಗ್ಗು ಚಿತ್ರದ ಅಡಿಯಲ್ಲಿ ಮೂಲ ಚಿತ್ರದ ಚೂರುಗಳು ಇಣುಕುತ್ತವೆ, ಹಿಂಬದಿ ಚಪ್ಪಟೆಯಾಗಿರುತ್ತದೆ.