ತಪ್ಪೊಪ್ಪಿಗೆ: ತಿಳಿದು ಆಡಿದ ಮಾತೇ, ಬೇಸತ್ತು ಆಡಿದ ಮಾತೇ?

ಆರೋಪಿ ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡರೆ ಸಾಕ್ಷಿ ವಿಚಾರಣೆ ಬೇಕಾಗುವುದಿಲ್ಲ. ಆ ಒಂದು ಮಾತಿನ ಮೇಲೆಯೇ ಶಿಕ್ಷೆ ವಿಧಿಸಬಹುದು. 1898ರ ದಂಡ ಪ್ರಕ್ರಿಯಾ ಸಂಹಿತೆಯಿಂದ 1973ರ ಸಂಹಿತೆಗೆ, ಅಲ್ಲಿಂದ 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗೆ ಬರುವಾಗ ಕಲಮುಗಳ ಸಂಖ್ಯೆ ಬದಲಾಯಿತೇ ಹೊರತು ಈ ಮೂಲ ಏರ್ಪಾಡು ಬದಲಾಗಲಿಲ್ಲ.

ಗೋಜಲು ಶುರುವಾದದ್ದು ಒಪ್ಪಿಗೆಗೆ ಪ್ರತಿಯಾಗಿ ರಿಯಾಯಿತಿ ಸಿಗತೊಡಗಿದಾಗ. ಆಹಾರ ಕಲಬೆರಕೆಯ ಮೊಕದ್ದಮೆಗಳಲ್ಲಿ ತಪ್ಪೊಪ್ಪಿಕೊಂಡವರಿಗೆ ಅಲ್ಪ ಶಿಕ್ಷೆ ಕೊಟ್ಟು ಕಡತ ಮುಗಿಸುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 1976ರಲ್ಲಿ ಮುರಳೀಧರ ಮೇಘರಾಜ ಲೋಯಾ ಪ್ರಕರಣದಲ್ಲಿ ಖಂಡಿಸಿತು. 1980ರ ಕಾಸಂಭಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಇನ್ನೂ ಮುಂದೆ ಹೋಗಿ, ದೀರ್ಘ ವಿಚಾರಣೆಯ ಬವಣೆಗೆ ಅಂಜಿ ನಿರಪರಾಧಿಯೂ ತಪ್ಪೊಪ್ಪಿಕೊಂಡಾನು ಎಂಬ ಅಪಾಯವನ್ನು ಎತ್ತಿ ತೋರಿದರು. ಮೂರು ವರ್ಷಗಳ ನಂತರದ ತಿಪ್ಪೇಸ್ವಾಮಿ ಪ್ರಕರಣ ಕರ್ನಾಟಕದ್ದೇ. ಲಘು ಶಿಕ್ಷೆಯ ಭರವಸೆಯ ಮೇಲೆ ತಪ್ಪೊಪ್ಪಿಸಿ, ಮೇಲಿನ ನ್ಯಾಯಾಲಯದಲ್ಲಿ ಅದೇ ಶಿಕ್ಷೆಯನ್ನು ಹೆಚ್ಚಿಸುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಅಲ್ಲಿ ಸಾರಿತು.

ಆದರೆ ಬಾಕಿ ಮೊಕದ್ದಮೆಗಳ ರಾಶಿ ಬೆಳೆಯುತ್ತಲೇ ಇತ್ತು. ಕಾನೂನು ಆಯೋಗ 1991ರಲ್ಲಿ ಈ ಚೌಕಾಸಿಗೆ ಶಾಸನದ ಚೌಕಟ್ಟು ಕೊಡಬೇಕೆಂದಿತು. ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠ ಅವರ ಸಮಿತಿಯೂ 2003ರಲ್ಲಿ ಅದಕ್ಕೆ ಬೆಂಬಲ ಸೂಚಿಸಿತು. ಹೀಗೆ 2006ರ ಜುಲೈನಲ್ಲಿ ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪೊಪ್ಪಿಗೆಗೆ ಪ್ರತಿಯಾಗಿ ಶಿಕ್ಷೆಯಲ್ಲಿ ರಿಯಾಯಿತಿ ಪಡೆಯುವ ಏರ್ಪಾಡು, ಜಾರಿಗೆ ಬಂತು.

ಈ ಹೊಸ ದಾರಿಗೆ ಕಟ್ಟಿದ ಬೇಲಿ ಗಟ್ಟಿಯಾಗಿಯೇ ಇದೆ. ಅಪರಾಧಕ್ಕೆ ಕಾನೂನಿನಲ್ಲಿ ಎಷ್ಟು ಶಿಕ್ಷೆಯಿದೆ ಎಂಬುದನ್ನು ಅರಿತೇ, ಸ್ವಇಚ್ಛೆಯಿಂದ ಅರ್ಜಿ ಹಾಕಿದ್ದೇನೆಂದು ಆರೋಪಿ ಪ್ರಮಾಣಪತ್ರ ಸಲ್ಲಿಸಬೇಕು. ಎದುರು ಪಕ್ಷದವರನ್ನು ಹೊರಗಿಟ್ಟು ನ್ಯಾಯಾಧೀಶರು ಆತನನ್ನು ಗೋಪ್ಯವಾಗಿ ವಿಚಾರಿಸಿ, ಒತ್ತಾಯವಿಲ್ಲವೆಂದು ಮನಗಾಣಬೇಕು. ಇಷ್ಟಾಗಿಯೂ ಈ ದಾರಿ ಹಿಡಿಯುವವರು ಬಹಳ ವಿರಳ. ದಿನನಿತ್ಯ ನಡೆಯುವುದು ಹಳೆಯ, ನೇರವಾದ ತಪ್ಪೊಪ್ಪಿಗೆ. ಅದಕ್ಕೆ ಪ್ರಮಾಣಪತ್ರವೂ ಇಲ್ಲ, ಗೋಪ್ಯ ವಿಚಾರಣೆಯೂ ಇಲ್ಲ.

ಸಣ್ಣ ಕಳವಿನ ಆರೋಪದಲ್ಲಿ ಎಂಟು ತಿಂಗಳಿಂದ ಜೈಲಿನಲ್ಲಿರುವವನೊಬ್ಬನನ್ನು ಊಹಿಸಿಕೊಳ್ಳಿ. ಜಾಮೀನು ಸಿಕ್ಕಿದೆ, ಭದ್ರತೆಗೆ ನಿಲ್ಲುವವರಿಲ್ಲ. ಒಪ್ಪಿಕೊಂಡರೆ ಈಗಾಗಲೇ ಕಳೆದ ಅವಧಿಯನ್ನೇ ಶಿಕ್ಷೆಯೆಂದು ಎಣಿಸಿ ಬಿಟ್ಟುಬಿಡುತ್ತಾರೆ ಎಂದು ಯಾರೋ ಕಿವಿಯಲ್ಲಿ ಹೇಳಿರುತ್ತಾರೆ. ಕಟಕಟೆಯಲ್ಲಿ "ತಪ್ಪು ಒಪ್ಕೋತೀಯೇನಪ್ಪಾ?" ಎಂಬ ಪ್ರಶ್ನೆಗೆ ಆತ "ಹೌದು ಸ್ವಾಮಿ" ಎನ್ನುತ್ತಾನೆ. ಆರ್ಡರ್ ಶೀಟಿನಲ್ಲಿ "ದೋಷಾರೋಪಣೆಯನ್ನು ಓದಿ ವಿವರಿಸಲಾಯಿತು, ಆರೋಪಿಯು ಅರ್ಥಮಾಡಿಕೊಂಡು ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿರುತ್ತಾನೆ" ಎಂದು ದಾಖಲಾಗುತ್ತದೆ. ಯಾರೂ ಹೊಡೆದಿಲ್ಲ, ಬೆದರಿಸಿಲ್ಲ, ನಿಜ. ಆದರೆ ಒಪ್ಪಿದರೆ ಇಂದೇ ಮನೆ, ಒಪ್ಪದಿದ್ದರೆ ಮತ್ತೆ ವಾಯಿದೆ ಎಂಬ ಸ್ಥಿತಿಯಲ್ಲಿ ಮಾಡಿದ ಆಯ್ಕೆಯನ್ನು ಸ್ವಇಚ್ಛೆಯೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ತಿಳಿವಳಿಕೆಯ ಪ್ರಶ್ನೆ ಇದಕ್ಕಿಂತಲೂ ತೊಡಕಿನದು. ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಯಾದರೆ, ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಿ ಮೇಲ್ಮನವಿ ಹೋಗಬಹುದು. ಕೆಲವು ಅಲ್ಪ ಶಿಕ್ಷೆಗಳಿಗೆ ಅದೂ ಇಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ ಕಳವಿನಲ್ಲಿ ಎರಡನೆಯ ಬಾರಿ ದೋಷಿಯೆಂದಾದವನಿಗೆ ಕನಿಷ್ಠ 1 ವರ್ಷ ಕಠಿಣ ಸಜೆ ಕಡ್ಡಾಯ. ಅಂದು ಜೈಲಿನ ಬಾಗಿಲು ದಾಟಿ ಬಸ್ಸು ಹತ್ತುವವನಿಗೆ, ತಾನು ಆಡಿದ ಎರಡು ಪದಗಳು ಆ ಲೆಕ್ಕದಲ್ಲಿ ಮೊದಲನೆಯ ಬಾರಿಯಾಗಿ ಸೇರಿಕೊಂಡವೆಂದು ಯಾರಾದರೂ ಹೇಳಿರುವ ಸಂಭವ ತೀರ ಕಡಿಮೆ.