ಪಾಸ್ತಾ ಬೇಯಿಸಿದ ನೀರನ್ನು ಚೆಲ್ಲಬೇಡಿ

ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲೇ ಬಸ್ಸಾರು ಮಾಡುವ ಊರು ನಮ್ಮ ಹಾಸನ. ಅದೇ ಮನೆಗಳಲ್ಲಿ ಪಾಸ್ತಾ ಬೇಯಿಸಿದ ನೀರು ಮಾತ್ರ ಸೀದಾ ಸಿಂಕಿಗೆ ಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಮಸುಕು ಬಿಳಿಯ ಆ ನೀರಿನಲ್ಲಿರುವುದು ಪಿಷ್ಟ. ಸಾಸ್ ಮಂದವಾಗಲು ಬೇಕಾದದ್ದೂ ಅದೇ ಅಲ್ವಾ? ಒಂದೇ ಬಾಣಲೆಯಲ್ಲಿ, ಅಳತೆಯ ನೀರಿನಲ್ಲಿ ಬೇಯಿಸಿದರೆ ಬಸಿಯುವ ಮಾತೇ ಇಲ್ಲ.

ಗೋಧಿಯ ಪಿಷ್ಟ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಇರುತ್ತದೆ. ತಣ್ಣೀರಿನಲ್ಲಿ ಅವು ಸುಮ್ನೆ ಇರುತ್ತವೆ. ಬಿಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ನೀರು ಹೀರಿ ಉಬ್ಬತೊಡಗುತ್ತವೆ. ಆಗ ಒಳಗಿನ ಅಮೈಲೋಸ್ ಎಂಬ ಉದ್ದನೆಯ ಅಣುಗಳು ನೀರಿಗೆ ಇಳಿಯುತ್ತವೆ. 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು ಎನ್ನುವುದು ಹಳೆಯ ಲೆಕ್ಕ. ಅಷ್ಟು ನೀರಿನಲ್ಲಿ ಪಿಷ್ಟ ತೆಳ್ಳಗಾಗಿಬಿಡುತ್ತದೆ. ಬಾಣಲೆಗೆ ಸುಮಾರು 300 ಮಿಲಿಲೀಟರ್ ಸಾಕು. ಅದರಲ್ಲಿ ಒಂದಷ್ಟನ್ನು ಪಾಸ್ತಾ ಹೀರುತ್ತದೆ, ಒಂದಷ್ಟು ಆವಿಯಾಗುತ್ತದೆ. ಉಳಿದ ಸ್ವಲ್ಪ ನೀರಿನಲ್ಲಿ ಪಿಷ್ಟ ಜಾಸ್ತಿ. ಎಣ್ಣೆಯೂ ನೀರೂ ಬೆರೆಯುವುದಿಲ್ಲ, ನಿಜ. ಆದರೆ ಈ ಮಂದ ನೀರಿನಲ್ಲಿ ಜೋರಾಗಿ ಕಲಕಿದರೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಪಿಷ್ಟ ಅಡ್ಡ ಇರುವುದರಿಂದ ಹನಿಗಳು ಬೇಗ ಮತ್ತೆ ಕೂಡಿಕೊಳ್ಳುವುದಿಲ್ಲ. ಕ್ರೀಮ್ ಹಾಕದೆಯೂ ಸಾಸ್ ನುಣ್ಣಗೆ ಬರುವುದು ಹೀಗೆ.

ಪಿಷ್ಟವೆಲ್ಲ ಹೊರಗೆ ಬಂದರೂ ಕಷ್ಟ, ಮುದ್ದೆಯಾಗುತ್ತದೆ. ಅದನ್ನು ಹಿಡಿದಿಡುವುದು ಗ್ಲುಟೆನ್ ಎಂಬ ಪ್ರೋಟೀನಿನ ಬಲೆ. ಡ್ಯುರಮ್ ಗೋಧಿಯಲ್ಲಿ ಪ್ರೋಟೀನ್ ಹೆಚ್ಚು. ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕು ಎಂದು ಇಟಲಿ 1967ರಲ್ಲೇ ಕಾನೂನು ಮಾಡಿತು. ನಮ್ಮ ಅಂಗಡಿಗಳ ಬನ್ಸಿ ರವೆಯೂ ಡ್ಯುರಮ್ ಗೋಧಿಯದೇ. ಪೊಟ್ಟಣದ ಹಿಂದೆ ಓದಿ ನೋಡಿ. ಮೈದಾ ಎಂದಿದ್ದರೆ ಈ ವಿಧಾನಕ್ಕೆ ಬೇಡ.

ಇನ್ನು ಅಡುಗೆ. ಅಗಲದ ಬಾಣಲೆಯಲ್ಲಿ ಎಣ್ಣೆ, ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ. ಬೀನ್ಸ್ ಹಾಕುವುದಾದರೆ ನೀರು ಸೇರಿಸಿ ಮೊದಲೇ ಅರ್ಧ ಬೇಯಿಸಿಕೊಳ್ಳಿ, ಟೊಮೆಟೊ ಆಮೇಲೆ. ತರಕಾರಿಯ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಹುಣಸೆಹುಳಿ ಬಿದ್ದ ಮೇಲೆ ಕಾಳು ಬೇಯಲ್ಲ ಅಂತ ಅಜ್ಜಿಯರು ಹೇಳುತ್ತಿದ್ದದ್ದೂ ಇದೇ ಕಾರಣಕ್ಕೆ. ನಂತರ ಪಾಸ್ತಾ, ಉಪ್ಪು ಹಾಕಿ. ಉಪ್ಪು ರುಚಿಗೆ ಮಾತ್ರ. ಲೀಟರಿಗೆ 10 ಗ್ರಾಂ ಹಾಕಿದರೂ ನೀರು ಕುದಿಯುವ ಬಿಸಿ ಅರ್ಧ ಡಿಗ್ರಿಯೂ ಏರುವುದಿಲ್ಲ. ಆಗಾಗ ಕೈಯಾಡಿಸಿ. ಮೊದಲ ಒಂದೆರಡು ನಿಮಿಷವಂತೂ ಬಿಡಲೇಬೇಡಿ. ಮೇಲ್ಮೈಯ ಪಿಷ್ಟ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುವುದು ಆಗಲೇ.

ಪೊಟ್ಟಣದ ಮೇಲಿನ ಸಮಯವನ್ನು ಪೂರ್ತಿ ನಂಬಬೇಡಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಾದರೆ 94 ಡಿಗ್ರಿಯೂ ಇರುವುದಿಲ್ಲ. ಹಾಗಾಗಿ ಮಂಗಳೂರಿಗಿಂತ ಇಲ್ಲಿ ಒಂದೆರಡು ನಿಮಿಷ ಜಾಸ್ತಿ ಬೇಕಾಗಬಹುದು. ಒಂದು ತುಂಡು ಕಚ್ಚಿ ನೋಡುವುದೇ ಸರಿ. ನೀರು ಇಂಗಿದ್ದರೆ ಇನ್ನಷ್ಟು ಬಿಸಿನೀರು ಸೇರಿಸಿ.

ಕೊನೆಗೆ ಕುಟ್ಟಿದ ಕರಿಮೆಣಸು. ನಮ್ಮ ಕಾಫಿ ತೋಟದ ಮೆಣಸಿದ್ದರೆ ಬೇರೆ ಮಸಾಲೆ ಬೇಡವೇ ಬೇಡ. ಅದರ ಪರಿಮಳ ಕುದಿಯುತ್ತಲೇ ಹಾರಿಹೋಗುತ್ತದೆ, ಅದಕ್ಕೇ ಒಲೆ ಆರಿಸಿದ ಮೇಲೆ ಹಾಕಬೇಕು. ಖಾರದ ಪೈಪರೀನ್ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬಿಸಿಯಾಗಿರುವಾಗಲೇ ಬಡಿಸಿ. ಆರಿದರೆ ಅಮೈಲೋಸ್ ಅಣುಗಳು ಮತ್ತೆ ಒಟ್ಟುಗೂಡಿ ಸಾಸ್ ಗಟ್ಟಿಯಾಗುತ್ತದೆ. ಆಗ ಎರಡು ಚಮಚ ಬಿಸಿನೀರು ಹಾಕಿ, ಸಣ್ಣ ಉರಿಯಲ್ಲಿ ಕಲಕಿದರೆ ಮತ್ತೆ ಸಡಿಲವಾಗುತ್ತದೆ.