ಇನ್ನು 20 ಬಾಕ್ಸ್ ತೆಗೆದ್ರೆ ಬರುತ್ತಾ ಸರ್?

ಹೊಸನಗರ ಕಡೆಯ ಒಬ್ರು ತಂದೆ ಕೇಳಿದಾರೆ: "ಸರ್, ಮಗ ಎಂಟನೇ ಕ್ಲಾಸು. ಗೇಮಲ್ಲಿ ಯಾವ್ದೋ ಗನ್ ಸ್ಕಿನ್, ಅದೇ ಗನ್ ಮೇಲಿನ ಡಿಸೈನು, ಬೇಕು ಅಂತ ದುಡ್ಡು ಕೊಟ್ಟು ಬಾಕ್ಸ್ ತೆಗೀತಾನೇ ಇದಾನೆ. ಆಗ್ಲೇ 80 ಆಯ್ತಂತೆ. ನೂರಕ್ಕೆ ಒಂದು ಚಾನ್ಸ್ ಅಂತ ಅಲ್ಲೇ ಬರ್ದಿದೆ, ಇನ್ನು 20 ತೆಗೆದ್ರೆ ಬಂದೇ ಬರುತ್ತೆ, ಈಗ ಬಿಟ್ರೆ ಹಾಕಿದ್ದೆಲ್ಲ ವೇಸ್ಟು ಅಂತಾನೆ. ಕೊಡ್ಲಾ? ಇದೆಲ್ಲ ನ್ಯಾಯದ ವ್ಯಾಪಾರನಾ?"

ಈ ವರ್ಷ ಇದೇ ಪ್ರಶ್ನೆ ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಒಬ್ರಿಗೆ ಸ್ಕಿನ್ನು, ಇನ್ನೊಬ್ರಿಗೆ ಕಾರು, ಮತ್ತೊಬ್ರಿಗೆ ಫುಟ್‌ಬಾಲ್ ಪ್ಲೇಯರ್ರು, ಅಷ್ಟೇ ವ್ಯತ್ಯಾಸ. ಉತ್ತರ ಮೊದ್ಲೇ ಹೇಳಿಬಿಡ್ತೀನಿ: ಕೊಡ್ಬೇಡಿ. ಯಾಕೆ ಅಂತ ಕೇಳೋರು ಮುಂದೆ ಓದಿ.

ನ್ಯಾಯನಾ ಅಂದ್ರಲ್ಲ, ಗೇಮಲ್ಲಿ ಮಾರೋದೆಲ್ಲ ಒಂದೇ ಥರದ ಮಾಲಲ್ಲ. ಈ ಡ್ರೆಸ್ಸು, ಇಷ್ಟು ರೂಪಾಯಿ, ಬೇಕಿದ್ರೆ ತಗೋ ಅಂತಿದ್ರೆ ಅದು ಗಾಂಧಿ ಬಜಾರಲ್ಲಿ ಶರ್ಟ್ ತಗೊಂಡ ಹಾಗೇ, ದುಬಾರಿ ಅನ್ಬಹುದು, ಅನ್ಯಾಯ ಅನ್ನೋಕಾಗಲ್ಲ. ಗೇಮ್ ಮಾಡಿದೋರೂ ಊಟ ಮಾಡ್ಬೇಕಲ್ವಾ, ಫ್ರೀಯಾಗಿ ಆಡೋ ಅಷ್ಟೂ ಜನರ ಸರ್ವರ್ ಖರ್ಚು ಎಲ್ಲಿಂದಾದ್ರೂ ಹುಟ್ಬೇಕು. ಕ್ಯಾಂಡಿ ಕ್ರಶ್ ಥರದ್ದು ಇನ್ನೊಂದು ಬಗೆ, ಐದು ಲೈಫ್ ಮುಗೀತು, ಒಂದೊಂದು ವಾಪಸ್ ಬರೋಕೂ ಅರ್ಧ ಗಂಟೆ ಕಾಯಿ, ಇಲ್ಲ ದುಡ್ಡು ಕೊಡು. ನನಗದು ಇಷ್ಟ ಇಲ್ಲ, ಆದ್ರೂ ಕೊಡೋಕೆ ಮುಂಚೆ ಏನ್ ಸಿಗುತ್ತೆ ಅಂತ ಗೊತ್ತಿರುತ್ತೆ. ಈ ಬಾಕ್ಸು, ಕ್ರೇಟು, ಸ್ಪಿನ್ನು ಅಂತ ಬರುತ್ತಲ್ಲ, ಅದ್ರಲ್ಲಿ ದುಡ್ಡು ಈಗ ಕೊಡ್ಬೇಕು, ಏನ್ ಸಿಗುತ್ತೆ ಅನ್ನೋದು ಆಮೇಲೆ. ತಕರಾರಿರೋದು ಇಲ್ಲಿ.

ಈ ವ್ಯಾಪಾರ ನಿಂತಿರೋದೇ ಒಂದು ತಪ್ಪು ನಂಬಿಕೆ ಮೇಲೆ. ನೂರಕ್ಕೆ ಒಂದು ಚಾನ್ಸ್ ಅಂದ್ರೆ ನೂರು ಸಲ ತೆಗೆದ್ರೆ ಒಂದು ಗ್ಯಾರಂಟಿ ಅನ್ನೋದು. ಮಕ್ಕಳನ್ನ ಬಯ್ಬೇಡಿ, ಬ್ಯಾಂಕಲ್ಲಿ ಕೆಲಸ ಮಾಡೋರು, ಇಂಜಿನಿಯರುಗಳು ನನ್ನ ಹತ್ರ ಇದೇ ವಾದ ಮಾಡಿದಾರೆ. ತೀರ್ಥಹಳ್ಳೀಲಿ 19 ವರ್ಷದಿಂದ ಮ್ಯಾಥ್ಸ್ ಟ್ಯೂಷನ್ ಮಾಡ್ತಿದೀನಿ, ಬಾಯಲ್ಲಿ ಹೇಳಿ ಇದನ್ನ ಯಾರ ತಲೆಯಿಂದಾನೂ ತೆಗೆಯೋಕೆ ನನಗೆ ಆಗಿಲ್ಲ. ಕೈಯಲ್ಲಿ ಮಾಡಿಸ್ಬೇಕು.

ಹೋದ ಜುಲೈನಲ್ಲಿ ಮಳೆ ರಜೆ ಕೊಟ್ಟಿದ್ರು, ಅಕ್ಕಪಕ್ಕದ 12 ಮಕ್ಕಳು ಮನೆಗೆ ಬಂದಿದ್ರು. ಜಗಲೀಲಿ ಕೂರ್ಸಿ, 100 ಚಾಲಿ ಅಡಿಕೆ ಎಣಿಸಿ, ಒಂದಕ್ಕೆ ಮಗಳ ಕೆಂಪು ನೈಲ್ ಪಾಲಿಶ್ ಬಳಿದು, ಒಣಗಿದ ಮೇಲೆ ಎಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕ್ದೆ. ಕಣ್ಮುಚ್ಚಿ ಒಂದು ತೆಗಿ, ನೋಡು, ವಾಪಸ್ ಹಾಕು, ಚೀಲ ಕುಲುಕು, ಮತ್ತೆ ತೆಗಿ. ಒಬ್ಬೊಬ್ರೂ ನೂರು ಸಲ. ಶುರು ಮಾಡೋ ಮುಂಚೆ ಕೆಂಪಡಿಕೆ ನಿಮಗೆ ಎಷ್ಟು ಸಲ ಬರುತ್ತೆ ಬರೀರಿ ಅಂದ್ರೆ ಹನ್ನೆರಡೂ ಜನ ನೋಟ್‌ಬುಕ್ಕಲ್ಲಿ 1 ಅಂತ ಬರೆದ್ರು.

ಎರಡು ಗಂಟೆ ಮೇಲೇ ಹಿಡೀತು. ಐದು ಮಕ್ಕಳಿಗೆ ಕೆಂಪಡಿಕೆ ಬರ್ಲೇ ಇಲ್ಲ. ಒಬ್ಬಳಿಗೆ ಮೂರು ಸಲ ಬಂತು, ಅದ್ರಲ್ಲಿ ಎರಡು ಮೊದಲ ಹದಿನೈದರೊಳಗೇ. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ 80 ಆದ್ಮೇಲೆ ಎದ್ದು ನಿಂತು ತೆಗೆಯೋಕೆ ಶುರು ಮಾಡ್ದ, ಇನ್ನು ಬರ್ಲೇಬೇಕು ಅಂತ ಅವನ ಲೆಕ್ಕ. ನೂರು ಮುಗೀತು, ಇಲ್ಲ. "ಸರ್ ಇನ್ನೊಂದ್ ಹತ್ತು ಕೊಡಿ" ಅಂದ. ಕೊಟ್ಟೆ. ಆಗ್ಲೂ ಇಲ್ಲ. ಕೈ ಚೀಲದೊಳಗೇ ಇಟ್ಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೋನು ಇದ್ದಕ್ಕಿದ್ದ ಹಾಗೆ "ಸರ್, ನಾವು ವಾಪಸ್ ಹಾಕ್ತಾ ಇದೀವಲ್ಲ, ಅದಕ್ಕೇ!" ಅಂದ. ನಾನು ಒಂದಕ್ಷರ ಹೇಳಿಕೊಟ್ಟಿರ್ಲಿಲ್ಲ. ಇಷ್ಟು ವರ್ಷದ ಟ್ಯೂಷನ್ನಲ್ಲಿ ನನಗೆ ಅಷ್ಟು ಖುಷಿ ಆದ ದಿನ ಕಮ್ಮಿ.

ಅವನು ಹೇಳಿದ್ದೇ ವಿಷಯ ಮಾರಾಯ್ರೆ. ವಾಪಸ್ ಹಾಕದೆ ತೆಗೀತಾ ಹೋದ್ರೆ ಚೀಲ ಖಾಲಿ ಆಗ್ತಾ ಬರುತ್ತೆ, ನೂರರೊಳಗೆ ಕೆಂಪಡಿಕೆ ಖಂಡಿತ ಸಿಗುತ್ತೆ. ನಮ್ಮ ತಲೆಗೆ ಹೊಕ್ಕಿರೋ ಲೆಕ್ಕ ಆ ಖಾಲಿ ಆಗೋ ಚೀಲದ್ದು. ಗೇಮಿನ ಚೀಲ ಖಾಲಿ ಆಗೋದೇ ಇಲ್ಲ, ಪ್ರತಿ ಸಲಾನೂ ನೂರು ಅಡಿಕೆ ಪೂರ್ತಿ ಇರುತ್ತೆ. ಒಂದ್ಸಲ ಬರದೇ ಇರೋ ಚಾನ್ಸ್ 0.99, ಅದನ್ನ ನೂರು ಸಲ ಗುಣಿಸಿ ನೋಡಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು, 0.366 ಬರುತ್ತೆ. ಅಂದ್ರೆ ನೂರು ಜನ ನೂರು ನೂರು ಬಾಕ್ಸ್ ತೆಗೆದ್ರೆ ಸುಮಾರು 37 ಜನ ಬರಿಗೈಲಿ ಹೋಗ್ತಾರೆ. 200 ತೆಗೆದ್ರೂ 13 ಜನ, 300 ತೆಗೆದ್ರೂ 5 ಜನ ಬರಿಗೈ. ನಿಮ್ಮ ಮಗನಿಗೆ ಮುಂದಿನ 20ರಲ್ಲಿ ಬರೋ ಚಾನ್ಸ್ ನೂರಕ್ಕೆ 18. ಪಕ್ಕದ್ಮನೆ ಹುಡುಗ ಇವತ್ತು ಮೊದಲ ಸಲ ಶುರು ಮಾಡಿ 20 ತೆಗೆದ್ರೆ ಅವನಿಗೂ ಅದೇ 18. ಮೊದ್ಲು ಹಾಕಿದ 80ರ ನೆನಪು ಚೀಲಕ್ಕಿಲ್ಲ.

ಕೆಲವು ಗೇಮಲ್ಲಿ ಗ್ಯಾರಂಟಿ ಇದೆಯಲ್ಲ ಸರ್ ಅಂತೀರಿ, ಇದೆ. ಗೆನ್‌ಶಿನ್ ಇಂಪ್ಯಾಕ್ಟ್ ಅನ್ನೋ ಗೇಮಲ್ಲಿ ಫೈವ್ ಸ್ಟಾರ್, ಅಂದ್ರೆ ಅಪರೂಪದ ಕ್ಯಾರೆಕ್ಟರ್, ಬರೋ ಚಾನ್ಸ್ ನೂರಕ್ಕೆ 0.6, ಆದ್ರೆ 90ರೊಳಗೆ ಒಂದು ಕೊಟ್ಟೇ ಕೊಡ್ತಾರೆ. ಅದೂ ನೀವು ಬಯಸಿದ ಕ್ಯಾರೆಕ್ಟರ್ರೇ ಆಗ್ಬೇಕಂತಿಲ್ಲ, ಕೈ ಕೊಟ್ರೆ 180ರವರೆಗೂ ಹೋಗ್ಬೇಕಾಗುತ್ತೆ. ಹಾಗಾಗಿ ಗ್ಯಾರಂಟಿ ಅಂತ ಬರೆದಿದ್ರೆ ಯಾವುದಕ್ಕೆ ಗ್ಯಾರಂಟಿ, ಎಷ್ಟನೇ ಸಲಕ್ಕೆ, ಅದನ್ನ ಪೂರ್ತಿ ಓದಿ. ಬರೆದೇ ಇಲ್ಲ ಅಂದ್ರೆ ಗ್ಯಾರಂಟಿ ಇಲ್ಲ ಅಂತಾನೇ ತಿಳ್ಕೊಳ್ಳಿ.

ಈ ಚಾನ್ಸಿನ ನಂಬರ್ ತೋರಿಸ್ತಾ ಇರೋದೂ ರೂಲ್ಸ್ ಬಂದ ಮೇಲೆ. ಚೀನಾ 2017ರ ಮೇ ತಿಂಗಳಿಂದ ಕಡ್ಡಾಯ ಮಾಡ್ತು, ಆಪಲ್ ಅದೇ ವರ್ಷ ಡಿಸೆಂಬರಲ್ಲಿ, ಗೂಗಲ್ ಪ್ಲೇ 2019ರಲ್ಲಿ. ಬೆಲ್ಜಿಯಂ ಇನ್ನೂ ಮುಂದೆ ಹೋಗಿ 2018ರಲ್ಲಿ ದುಡ್ಡು ಕೊಟ್ಟು ತೆಗೆಯೋ ಈ ಬಾಕ್ಸ್ ಜೂಜು ಅಂತಾನೇ ಹೇಳ್ತು, 2019ರ ಜನವರೀಲಿ ಫಿಫಾ ಫುಟ್‌ಬಾಲ್ ಗೇಮ್ ಮಾಡ್ತಿದ್ದ ಇಎ ಕಂಪನಿ ಅಲ್ಲಿ ಫಿಫಾ ಪಾಯಿಂಟ್ಸ್, ಅಂದ್ರೆ ಆ ಗೇಮಲ್ಲಿ ಬಾಕ್ಸ್ ಕೊಳ್ಳೋಕೆ ಬಳಸೋ ಕಾಯಿನ್ನು, ಮಾರೋದು ನಿಲ್ಲಿಸ್ತು. ನನ್ನ ಅಭಿಪ್ರಾಯವೂ ಬೆಲ್ಜಿಯಂ ಕಡೆಗೇ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಸಿದಾಗ ಎಷ್ಟು ಮನೆ ಹೆಂಗಸರು ಉಸಿರು ಬಿಟ್ರು ಅಂತ ನಮ್ಮ ವಯಸ್ಸಿನೋರಿಗೆ ನೆನಪಿದೆ, ಆ ಟಿಕೆಟ್ ತಗೊಳ್ತಿದ್ದೋರು ದೊಡ್ಡೋರಾದ್ರೂ ಆಗಿದ್ರು. ಇಲ್ಲಿ ಎಂಟನೇ ಕ್ಲಾಸು. ನಂಬರ್ ಬರೆದು ತೋರಿಸಿದೀವಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ ಅಂತ ಗೇಮ್ ಕಂಪನಿಯೋರು ಅಂದ್ರೆ ಆ ನಂಬರಿನ ಅರ್ಥ ಹತ್ತು ಜನರಲ್ಲಿ ಎಷ್ಟು ಜನಕ್ಕೆ ಆಗುತ್ತೆ ಅಂತ ನನ್ನ ಜಗಲೀಲಿ ಬಂದು ಕೂತು ನೋಡ್ಲಿ.

ಇದನ್ನ ಯಾರೂ ಕೇಳಿಲ್ಲ, ಆದ್ರೂ ಹೇಳ್ಬೇಕು. ಬಾಕ್ಸಿನ ಬೆಲೆ ರೂಪಾಯಲ್ಲಿ ಯಾಕೆ ಇರಲ್ಲ, ಜೆಮ್ಮು, ಕಾಯಿನ್ನು, ಡೈಮಂಡು ಯಾಕೆ? ಕಿರಾಣಿ ಅಂಗಡೀಲಿ ಎರಡು ರೂಪಾಯಿ ಚಿಲ್ರೆ ಇಲ್ಲ ಅಂತ ಚಾಕ್ಲೇಟ್ ಕೊಡ್ತಾರಲ್ಲ, ಆ ಚಾಕ್ಲೇಟ್ ನಾಳೆ ವಾಪಸ್ ತಗೊಂಡ್ಹೋಗಿ ಬೆಂಕಿಪೊಟ್ನ ಕೊಡಿ ಅಂದ್ರೆ ಕೊಡ್ತಾರಾ? ಜೆಮ್ಮೂ ಹಂಗೇ, ಒಂದ್ಸಲ ಕೊಂಡ್ರೆ ದುಡ್ಡಾಗಿ ವಾಪಸ್ ಬರಲ್ಲ. ಪ್ಯಾಕಲ್ಲಿ 100 ಜೆಮ್ಮು, ವಸ್ತುಗೆ 120 ಅಂತ ಇಟ್ಕೊಳ್ಳಿ. ಎರಡು ಪ್ಯಾಕ್ ತಗೋಬೇಕು, 80 ಉಳಿಯುತ್ತೆ, ಅದನ್ನ ಸುಮ್ನೆ ಬಿಡೋಕೆ ಮನಸ್ಸು ಬರಲ್ಲ, ಇನ್ನೊಂದು ಪ್ಯಾಕ್ ತಗೊಂಡ್ರೆ ಇನ್ನೊಂದು ವಸ್ತು ಬರುತ್ತಲ್ಲ ಅನ್ಸುತ್ತೆ. ಅಷ್ಟೊತ್ತಿಗೆ ಎಷ್ಟು ರೂಪಾಯಿ ಹೋಯ್ತು ಅನ್ನೋ ಲೆಕ್ಕ ತಪ್ಪಿರುತ್ತೆ. ಯುರೋಪಲ್ಲಿ 2025ರ ಮಾರ್ಚಲ್ಲಿ ಗ್ರಾಹಕ ರಕ್ಷಣೆಯೋರು ಜೆಮ್ಮಿನ ಪಕ್ಕ ನಿಜವಾದ ದುಡ್ಡಿನ ಬೆಲೆ ತೋರಿಸ್ಬೇಕು ಅಂತ ಹೇಳಿದಾರೆ. ನಮ್ಮಲ್ಲೂ ಅಷ್ಟಾದ್ರೂ ಆಗ್ಬೇಕು. ಅಲ್ಲೀವರೆಗೆ ಮನೇಲಿ ನೀವೇ ಒಂದು ಚೀಟೀಲಿ ರೂಪಾಯಿ ಲೆಕ್ಕ ಬರೆಸಿ.

ಹೊಸನಗರದೋರೇ, ಆಗಿದ್ದು ಆಗಿದೆ. ಕೊನೆ ಖರೀದಿ ಆಗಿ 48 ಗಂಟೆ ದಾಟಿಲ್ಲ ಅಂದ್ರೆ ಇವತ್ತೇ ಗೂಗಲ್ ಪ್ಲೇನಲ್ಲಿ ರೀಫಂಡ್ ಕೇಳಿ, ದಾಟಿದ್ರೆ ಗೇಮ್ ಕಂಪನಿಗೇ ಬರೀಬೇಕು. ಉತ್ತರಾನೇ ಕೊಡ್ಲಿಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿ, ಆ ಪಾಸ್‌ವರ್ಡ್ ಮಗನ ಹುಟ್ಟಿದ ದಿನ ಇಡ್ಬೇಡಿ. ಆಮೇಲೆ ಬಯ್ಯದೆ ಕೂರ್ಸಿ 100 ಅಡಿಕೆ ಎಣಿಸಿ ಕೊಡಿ, ನಿಮ್ಮ ಕಡೆ ಅಡಿಕೆಗೇನು ಬರ ಇಲ್ಲ. ಸಂಜೆ ಸಂಜೆ 20 ಸಲ ತೆಗೀಲಿ, ವಾಪಸ್ ಹಾಕ್ತಾ. ಹತ್ತು ಸಂಜೇಲಿ ಎಷ್ಟು ಸಂಜೆ ಕೆಂಪಡಿಕೆ ಬಂತು ಅಂತ ಅವನ ಕೈಲೇ ನನಗೆ ಬರೆಸಿ ಕಳಿಸಿ.